ನಲವತ್ತನೆಯ ಚೀಟಿ

ಕರಡು ಓದುವವಳು ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳುತ್ತಾ ಓದುತ್ತಿದ್ದಳು. ಕೆಲಸವೇ ಅಂಥದ್ದು. ಮುದ್ರಣಾಲಯದಿಂದ ಬಂದ ನಿಘಂಟಿನ ಹಾಳೆಯನ್ನು ಅವಳು ಗಟ್ಟಿಯಾಗಿ ಓದಬೇಕು. ಅವನು ಎದುರಿಗೆ ಕೂತು, ಆ ಹಾಳೆಗೆ ಮೂಲವಾದ ಚೀಟಿಗಳನ್ನು ಒಂದೊಂದಾಗಿ ಮಗುಚುತ್ತಾ, ತಾಳೆಯಾದರೆ ‘ಹೂಂ’ ಅನ್ನಬೇಕು. ಹತ್ತು ಗಂಟೆಯಿಂದ ಅವನು ಹೂಂಗುಟ್ಟುತ್ತಲೇ ಇದ್ದ. ಓದುವವಳ ದನಿಗೆ ಏರೂ ಇಲ್ಲ, ಇಳಿತವೂ ಇಲ್ಲ. ಪ್ರೇಮದ ಮಾತನ್ನೂ ಪಾತ್ರೆ ತೊಳೆಯುವ ಪುಡಿಯ ಜಾಹೀರಾತನ್ನೂ ಒಂದೇ ಸಮನೆ ಓದುತ್ತಾಳೆ. ಅರ್ಥದ ಕಡೆ ಮನಸ್ಸು ಹೋಯಿತೋ, ಕಣ್ಣು ತಪ್ಪು ಹಿಡಿಯುವುದನ್ನು ಬಿಡುತ್ತದೆ ಎಂಬುದು ಅವಳ ಅನುಭವ. ಅಂಥವಳು ‘ಅಭ್ಯಾಸ’ ಎಂಬ ಪದದ ನಾಲ್ಕನೆಯ ಅರ್ಥಕ್ಕೆ ಬಂದು, "ಮೊದಲು ಕಷ್ಟವೆನಿಸಿದ್ದು ಬಳಕೆಯಿಂದ ಸಹಜವಾಗುವುದು, ಪೂರ್ಣವಿರಾಮ. ಉದಾಹರಣೆ, ಮೊದಮೊದಲು ಕಷ್ಟವಾಗುತ್ತಿತ್ತು, ಪೂರ್ಣವಿರಾಮ, ಈಗ ಅಭ್ಯಾಸವಾಗಿದೆ, ಪೂರ್ಣವಿರಾಮ, ಆವರಣದಲ್ಲಿ ಖಾಸಗಿ ಪತ್ರ," ಎಂದು ಓದಿ, ಕನ್ನಡಕವನ್ನು ಹಣೆಗೇರಿಸಿದಳು.

"ಪಾಪ, ಎಷ್ಟು ಚೆನ್ನಾಗಿದೆ ಅಲ್ವಾ ಸರ್? ಯಾರೋ ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಬರೆದ ಹಾಗಿದೆ."

ಅವನು ಹೂಂ ಅನ್ನಲಿಲ್ಲ. ಬೆರಳು ಚೀಟಿಯ ಮೇಲೇ ಇತ್ತು. ಅಂಚು ಕಂದಿದ, ಅಂಗೈಯಗಲದ ಕಾಗದ. ಮೇಲುಗಡೆ ಪದ, ಕೆಳಗೆ ವಾಕ್ಯ, ಮೂಲೆಯಲ್ಲಿ ‘ಖಾಸಗಿ ಪತ್ರ’ ಎಂಬ ಗುರುತು, ತಾರೀಕು. ಕೈಬರಹ ತನ್ನದೇ, ಆದರೆ ಈಗಿನದಲ್ಲ. ಹದಿನೇಳು ವರ್ಷದ ಹಿಂದೆ ಅಕ್ಷರಗಳಿಗೆ ಬಾಲ ಎಳೆದು ಬರೆಯುವ ಹುಮ್ಮಸ್ಸಿತ್ತು. ಆ ಬಾಲಗಳನ್ನು ನೋಡಿದರೆ ಬರೆದವನಿಗೆ ಅವತ್ತು ಬಹಳ ಖುಷಿಯಾಗಿತ್ತೇನೋ ಅನ್ನಿಸುವ ಹಾಗಿತ್ತು.

"ಸರ್? ತಾಳೆ ಆಯ್ತಾ ಇಲ್ವಾ?"

"ಹೂಂ," ಎಂದ.

ತಾಳೆಯೇನೋ ಆಗಿತ್ತು. ಚೀಟಿಯಲ್ಲಿ ಇದ್ದದ್ದೇ ಹಾಳೆಯಲ್ಲೂ ಇತ್ತು. ಅವಳು ಕನ್ನಡಕ ಇಳಿಸಿಕೊಂಡು ಮುಂದಿನ ಪದಕ್ಕೆ ಹೋದಳು. ಅವನಿಗೆ ಆಮೇಲಿನ ಎರಡು ಪುಟ ಕಿವಿಗೆ ಬಿತ್ತೇ ಹೊರತು ಒಳಗಿಳಿಯಲಿಲ್ಲ. ನಿಘಂಟಿನ ಆಫೀಸಿಗೆ ಅವನು ಸೇರಿದಾಗ ಹತ್ತೊಂಬತ್ತು ಮಂದಿ ಇದ್ದರು, ಈಗ ಐವರು. ಇಪ್ಪತ್ತು ವರ್ಷಕ್ಕೆ ‘ಅ’ ಮುಗಿಯಿತು, ‘ಹ’ ಮುಗಿಯುವಷ್ಟರಲ್ಲಿ ನಾವೇ ಮುಗಿದಿರ್ತೀವಿ ಎನ್ನುವುದು ಪ್ರಧಾನ ಸಂಪಾದಕರ ನಗೆಮಾತು. ಅವರನ್ನು ಎಲ್ಲರೂ ದೊಡ್ಡವರು ಅನ್ನುತ್ತಾರೆ. ಆಗ ಕಿರಿಯರಿಗೆ ಒಂದು ಕಟ್ಟಳೆ ಇತ್ತು: ದಿನಕ್ಕೆ ನಲವತ್ತು ಚೀಟಿ. ಓದಿದ್ದರಿಂದ, ಕೇಳಿದ್ದರಿಂದ, ಎಲ್ಲಿಂದಲಾದರೂ ಸರಿ, ಒಂದು ಪದ ಬಳಕೆಯಾದ ವಾಕ್ಯವನ್ನು ಹಿಡಿದು ಚೀಟಿಗೆ ಇಳಿಸಬೇಕು. "ಬರೀ ಪುಸ್ತಕದ್ದು ತರಬೇಡ್ರಯ್ಯ, ಬಸ್ಸಿನಲ್ಲಿ ಕೇಳಿದ್ದು, ಮನೆಯಲ್ಲಿ ಜಗಳವಾಡಿದ್ದು, ಕಾಗದದಲ್ಲಿ ಬಂದದ್ದು ತನ್ನಿ. ಮಾತು ಜೀವಂತ ಇರಬೇಕು," ಎಂದು ದೊಡ್ಡವರು ಹೇಳುತ್ತಿದ್ದರು. ವಾಕ್ಯ ಉದ್ದವಾದರೆ ಕತ್ತರಿಸಬೇಕು. ಕತ್ತರಿಸುವುದರಲ್ಲಿ ಅವನ ಕೈ ಬಹಳ ಸಫಾಯಿ ಎಂದು ಎರಡನೆಯ ವರ್ಷಕ್ಕೇ ಹೆಸರು ಬಂದಿತ್ತು. ಈ ಚೀಟಿ ಬರೆದ ದಿನ ಸಂಜೆ ಐದಕ್ಕೆ ಅವನ ಮುಂದೆ ಮೂವತ್ತೊಂಬತ್ತು ಚೀಟಿಗಳಿದ್ದವು. ಅಂಗಿಯ ಜೇಬಿನಲ್ಲಿ, ಬೆಳಿಗ್ಗೆ ಆಫೀಸಿನ ವಿಳಾಸಕ್ಕೆ ಬಂದ ಅಕ್ಕನ ಕಾಗದವಿತ್ತು.

ಅಷ್ಟೇ. ಯೋಚಿಸಿ ಮಾಡಿದ್ದಲ್ಲ ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಒಂದು ಚೀಟಿ ಕಡಿಮೆ ಇತ್ತು, ಜೇಬಿನಲ್ಲಿ ಜೀವಂತ ಮಾತಿತ್ತು. ಆದರೆ ಬೆಳಿಗ್ಗೆ ಆ ಕಾಗದ ಓದಿದಾಗ ಎದೆಯ ಮೇಲೆ ಏನೋ ಬಂದು ಕೂತಿತ್ತಲ್ಲ, ಆ ಭಾರ ಚೀಟಿ ಬರೆದಾದ ಮೇಲೆ ಇಳಿದದ್ದು ಹೇಗೆ? ಒಂದೇ ಕೋಣೆಯ ಬಾಡಿಗೆ ಮನೆ, ಕಾಯಂ ಆಗದ ಕೆಲಸ, ಕೈ ಹಿಡಿಯಬೇಕೆಂದಿದ್ದ ಹುಡುಗಿಯ ಮನೆಯವರ ಎದುರು ಸೆಟೆದು ಕೂರಬೇಕಾದ ದಿನಗಳು. ಅಕ್ಕನನ್ನು ಕರೆತಂದು ಎಲ್ಲಿ ಕೂರಿಸುವುದು? ಆ ಪ್ರಶ್ನೆಯನ್ನು ಅವನು ಕೇಳಿಕೊಳ್ಳಲೇ ಇಲ್ಲ. ಕಾಗದದ ಕೊನೆಯ ಎರಡು ವಾಕ್ಯಗಳನ್ನು ಚೀಟಿಗಿಳಿಸಿದ. ಇಳಿಸಿದ ಮೇಲೆ ಅವುಗಳ ಸುತ್ತ ಬಿಳಿಯ ಜಾಗ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಬಿಳಿಯ ಜಾಗದ ನಡುವೆ ಅಕ್ಕ ಆರಾಮಾಗಿದ್ದಳು. ಆಫೀಸಿನ ಬಚ್ಚಲಮನೆಯ ನಲ್ಲಿಯ ಹತ್ತಿರ ನಿಂತು ಕಾಗದವನ್ನು ಚೂರು ಮಾಡಿದ. ಆ ವಾರ ಅಪ್ಪ, "ಏನಂತೆ ಅವಳದ್ದು, ಪಂಡಿತ?" ಎಂದು ಕೇಳಿದಾಗ, "ಮೊದಲು ಕಷ್ಟ ಆಗಿತ್ತಂತೆ, ಈಗ ಅಭ್ಯಾಸ ಆಗಿದೆಯಂತೆ," ಎಂದ. ಒಂದಕ್ಷರ ಸುಳ್ಳಿರಲಿಲ್ಲ. "ಆಗ್ಲೇಬೇಕಲ್ಲ," ಎಂದ ಅಪ್ಪ ಪತ್ರಿಕೆ ಮಗುಚಿದರು. ಅಪ್ಪನ ಬಾಯಲ್ಲಿ ಪಂಡಿತ ಎಂದರೆ ಉಪಯೋಗಕ್ಕೆ ಬಾರದವನು. ಅಕ್ಕನೂ ಅವನನ್ನು ಪಂಡಿತ ಎಂದೇ ಕರೆಯುತ್ತಾಳೆ, ಆಗ ಅವನಿಗೆ ತಲೆ ಸವರಿದ ಹಾಗಾಗುತ್ತದೆ. ಎಷ್ಟು ಚೀಟಿ ಬರೆದರೂ ಈ ಎರಡನ್ನು ಬೇರೆ ಮಾಡುವುದು ಹೇಗೆಂದು ಅವನಿಗೆ ಹೊಳೆದಿಲ್ಲ.

ಅಕ್ಕ ಇನ್ನೂ ಆರು ವರ್ಷ ಗಂಡನ ಮನೆಯಲ್ಲೇ ಇದ್ದಳು. ಆಮೇಲೆ ಒಂದು ದಿನ ಯಾರನ್ನೂ ಕೇಳದೆ, ಯಾರಿಗೂ ಬರೆಯದೆ, ಒಂದು ಚೀಲ ಹಿಡಿದು ಇವನ ಬಾಗಿಲಿಗೆ ಬಂದು ನಿಂತಳು. ಹೊಡೆದರಾ ಎಂದು ಇವನ ಹೆಂಡತಿ ಕೇಳಿದ್ದಕ್ಕೆ, "ಅಯ್ಯೋ ಇಲ್ಲಪ್ಪ, ಹೊಡೆಯೋಕೆ ಹತ್ತಿರ ಬರಬೇಕಲ್ಲ," ಎಂದು ನಕ್ಕಳು. ಹೊಲಿಗೆ ಅಂಗಡಿ ಇಟ್ಟು ಬೇರೆ ಮನೆ ಮಾಡುವವರೆಗೆ ಮೂರು ತಿಂಗಳು ಇದ್ದಳು. ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದ ಒಂದು ಮಧ್ಯಾಹ್ನ, ತಲೆಯೆತ್ತದೆ, "ಒಂದು ಕಾಗದ ಹಾಕಿದ್ದೆ ಕಣೋ ನಿನಗೆ, ಆಫೀಸಿನ ವಿಳಾಸಕ್ಕೆ. ಬಂತಾ?" ಎಂದಳು. "ಯಾವ ಕಾಗದ? ಇಲ್ಲವಲ್ಲ," ಎಂದ ಅವನು. ಎಷ್ಟು ಸಲೀಸಾಗಿ ಬಂದಿತ್ತು ಆ ಮಾತು! ಆದರೆ ಅವನನ್ನು ಇಷ್ಟು ವರ್ಷ ತಿಂದದ್ದು ಆ ಸುಳ್ಳಲ್ಲ. ಅದನ್ನು ಕೇಳಿ ಅಕ್ಕನ ಮುಖ ಬಿಚ್ಚಿಕೊಂಡ ರೀತಿ. ಭುಜದಿಂದ ಯಾರೋ ಮೂಟೆ ಇಳಿಸಿದ ಹಾಗೆ ಅವಳು ಉಸಿರು ಬಿಟ್ಟು, "ಅದೇ ಅಂದ್ಕೊಂಡೆ. ಬಂದಿದ್ರೆ ನೀನು ಸುಮ್ಮನೆ ಇರ್ತಿದ್ಯಾ?" ಎಂದಳು. ಕಾಗದ ಬರಲಿಲ್ಲ ಎಂದಾದಾಗ ಅವಳಿಗೆ ಒಬ್ಬ ತಮ್ಮ ಸಿಕ್ಕಿದ್ದ. ಆ ತಮ್ಮನನ್ನು ಅವಳಿಂದ ಕಿತ್ತುಕೊಳ್ಳುವ ಧೈರ್ಯ ಇವನಿಗೆ ಬರಲೇ ಇಲ್ಲ. ಅದಕ್ಕೆ ಧೈರ್ಯ ಎನ್ನಬೇಕೋ ಬೇರೇನಾದರೂ ಅನ್ನಬೇಕೋ ಅದೂ ಗೊತ್ತಿಲ್ಲ.

ಈಗ ಹಾಳೆ ನಾಲ್ಕು ಗಂಟೆಗೆ ಮುದ್ರಣಾಲಯಕ್ಕೆ ಹೋಗುತ್ತದೆ. ಮೊದಲ ಪ್ರತಿ ತನಗೇ ಬೇಕು, ಅಂಗಡಿಯಲ್ಲಿ ಇಡ್ತೀನಿ, ಕಾಯೋವಾಗ ಗಿರಾಕಿಗಳು ಓದಲಿ ಎಂದು ಅಕ್ಕ ಈಗಾಗಲೇ ಹತ್ತು ಸಲ ಹೇಳಿಯಾಗಿದೆ. ಅವಳು ಓದುತ್ತಾಳೆ. ಒಂದಲ್ಲ ಒಂದು ದಿನ ಆ ಪುಟಕ್ಕೆ ಬರುತ್ತಾಳೆ. ಅವನು ಎದ್ದು ದೊಡ್ಡವರ ಕೋಣೆಗೆ ಹೋದ.

"ಒಂದು ಉದಾಹರಣೆ ತೆಗೆಯೋಣ ಅನ್ನಿಸ್ತಿದೆ ಸರ್. ‘ಅಭ್ಯಾಸ’ದ ಕೆಳಗಿನದ್ದು."

"ಪುಟ ಕಟ್ಟಿ ಆಗಿದೆಯಲ್ರೀ. ತೆಗೆದ್ರೆ ಅಷ್ಟೇ ಅಳತೆಯದ್ದು ಹಾಕಬೇಕು. ಏನಾಗಿದೆ ಅದಕ್ಕೆ?"

"ಮೂಲ ಸರಿಯಿಲ್ಲ. ಖಾಸಗಿ ಪತ್ರ."

"ಪತ್ರ ಇದೆಯಾ?"

"ಇಲ್ಲ ಸರ್."

"ಬರೆದವರು?"

"ಇದ್ದಾರೆ."

ದೊಡ್ಡವರು ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಂಡರು. "ಇದ್ದಾರಲ್ಲ, ಮತ್ತೇನು ಕಷ್ಟ? ನಮಗೆ ವಾಕ್ಯ ಕೊಟ್ಟವರಲ್ಲಿ ಅರ್ಧ ಜನ ಹೋಗಿಬಿಟ್ಟಿದ್ದಾರೆ. ಹೋಗಿ ಕೇಳ್ಕೊಂಡು ಬನ್ನಿ. ಆದರೆ ನಾಲ್ಕು ಅಂದ್ರೆ ನಾಲ್ಕು, ಆಮೇಲೆ ನನ್ನ ತಲೆ ತಿನ್ನಬೇಡಿ."

ಚೀಟಿಯನ್ನು ಜೇಬಿಗೆ ಹಾಕಿಕೊಂಡು ಹೊರಟ. ದಾರಿಯಲ್ಲಿ, ಕೇಳಬೇಕಾದ ಅಗತ್ಯವಾದರೂ ಏನು ಅನ್ನಿಸಿತು. ಅಷ್ಟೇ ಅಳತೆಯ ವಾಕ್ಯ ತಾನೇ? ‘ಈಗ ನನಗೆ ಬೆಳಿಗ್ಗೆ ಬೇಗ ಏಳುವುದು ಅಭ್ಯಾಸವಾಗಿದೆ’ ಎಂದು ಹಾಕಿದರಾಯಿತು. ಮೂಲೆಯ ಹೋಟೆಲಿನಲ್ಲಿ ಕೂತು ಒಂದು ಲೋಟ ಚಹಾ ಕುಡಿದು, ಹಿಂದಕ್ಕೆ ಹೋಗಿ, ಬರೆದವರು ಬೇಡ ಅಂದರು ಎಂದರೆ ಮುಗಿಯಿತು. ಯಾರಿಗೂ ಒಂದಿಷ್ಟೂ ನೋವಾಗುವುದಿಲ್ಲ. ಹೋಟೆಲಿನ ಬಾಗಿಲವರೆಗೂ ಹೋದ. ಒಳಗೆ ಒಬ್ಬ ಮುದುಕ ಎದುರಿಗೆ ಕೂತ ಅಪರಿಚಿತನಿಗೆ ತನ್ನ ಮಂಡಿ ನೋವಿನ ಕಥೆ ಹೇಳುತ್ತಿದ್ದ. ಆ ಅಪರಿಚಿತ ಲೋಟದ ಒಳಗೆ ನೋಡುತ್ತಿದ್ದ. ಇವನು ಒಳಗೆ ಹೋಗದೆ ಹಾಗೇ ಮುಂದೆ ನಡೆದ. ಅಲ್ಲಿ ಹೋಗಿ ಹೇಳುವ ಮಾತುಗಳನ್ನು ಒಂದರ ಹಿಂದೊಂದು ಜೋಡಿಸಿದ: ಅಕ್ಕಾ, ಒಂದು ವಿಷಯ. ಅಕ್ಕಾ, ಬಹಳ ಹಿಂದೆ. ಅಕ್ಕಾ, ನೀನು ಬೇಜಾರು ಮಾಡಿಕೊಳ್ಳಬಾರದು. ಯಾವುದೂ ಮನುಷ್ಯರು ಆಡುವ ಮಾತಿನ ಹಾಗಿರಲಿಲ್ಲ.

ಅಕ್ಕನ ಅಂಗಡಿ ಎಂದರೆ ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಬಟ್ಟೆ ಬದಲಿಸಲು ಒಂದು ಪರದೆ. ಹೊಸದನ್ನು ಅವಳು ಹೊಲಿಯುವುದಿಲ್ಲ. ಬಿಗಿಯಾದದ್ದನ್ನು ಸಡಿಲ ಮಾಡುತ್ತಾಳೆ, ಸಡಿಲವಾದದ್ದನ್ನು ಬಿಗಿ. ಜನ ದಪ್ಪ ಆದರೂ ನನ್ನ ಹತ್ತಿರ ಬರಬೇಕು, ಸಣ್ಣ ಆದರೂ ನನ್ನ ಹತ್ತಿರವೇ ಬರಬೇಕು ಎನ್ನುತ್ತಾಳೆ. ಮಾತೋ ಮಾತು. ಗಿರಾಕಿ ಇಲ್ಲದಾಗ ರೇಡಿಯೋದ ಜೊತೆ, ದಾರ ತುಂಡಾದರೆ ದಾರದ ಜೊತೆ. ನಿಮ್ಮಕ್ಕನಿಗೆ ಬಾಯಿ ನೋಯಲ್ವೇನ್ರೀ ಎಂದು ಇವನ ಹೆಂಡತಿ ಒಮ್ಮೆ ಕೇಳಿದ್ದಳು. ಅವನು ಆಗ ಪಾತ್ರೆಯಿಂದ ನೀರು ಬಗ್ಗಿಸಿಕೊಂಡು ಕುಡಿದಿದ್ದ, ಬಾಯಾರಿಕೆ ಇಲ್ಲದಿದ್ದರೂ.

"ಬಾರಪ್ಪ ಪಂಡಿತ! ಇದೇನು ಹಗಲು ಹೊತ್ತಿನಲ್ಲಿ? ಆಫೀಸಿಂದ ಓಡಿಸಿದ್ರಾ? ಊಟ ಆಯ್ತಾ? ಆಗಿಲ್ಲ, ಮುಖ ನೋಡಿದ್ರೇ ಗೊತ್ತಾಗುತ್ತೆ. ಆ ಕೋಟು ತುಳೀಬೇಡ, ಪಕ್ಕದ ಶಾಲೆಯ ಟೀಚರಮ್ಮಂದು, ಈಗ ಬರ್ತಾರೆ."

ಅವಳು ತುಟಿಗಳ ನಡುವಿನ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚುತ್ತಿದ್ದಳು. ಅವನು ಜೋಡಿಸಿಟ್ಟುಕೊಂಡ ಮಾತೆಲ್ಲ ಬಿಟ್ಟು, ಸುಮ್ಮನೆ ಚೀಟಿಯನ್ನು ತೆಗೆದು ಅವಳ ಕೈಗೆ ಕೊಟ್ಟ. ಬಾಯಲ್ಲಿ ಹೇಳುವುದಕ್ಕಿಂತ ಅದೇ ಸುಲಭ ಅನ್ನಿಸಿತು. ಅವಳು ಅದನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಓದಿದಳು. ಅವನು ಅವಳ ಮುಖ ನೋಡಲಾರದೆ ಇಸ್ತ್ರಿಪೆಟ್ಟಿಗೆಯ ವೈರನ್ನು ನೋಡುತ್ತಾ ನಿಂತ.

"ಯಾರದ್ದಿದು? ಚೆನ್ನಾಗಿ ಬರೆದಿದ್ದಾಳೆ."

ಅವನು ತಲೆಯೆತ್ತಿದ.

"ಹೊಸ ಕೆಲಸಕ್ಕೆ ಸೇರಿದವಳು ಇರಬೇಕು. ಇಲ್ಲಾ ಹಾಸ್ಟೆಲಿಗೆ. ಗೋಳಿಲ್ಲ, ಗೊಣಗಿಲ್ಲ, ಎರಡೇ ಮಾತಲ್ಲಿ ಮುಗಿಸಿದ್ದಾಳೆ. ನಾನಾಗಿದ್ರೆ ನಾಲ್ಕು ಪುಟ ಬರೀತಿದ್ದೆ." ಚೀಟಿಯನ್ನು ತಿರುಗಿಸಿ ಹಿಂಬದಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. "ಇದಕ್ಕೇನೀಗ?"

ಇದೊಂದನ್ನು ಅವನು ಎಣಿಸಿರಲಿಲ್ಲ. ಬೈಯುತ್ತಾಳೆ, ಅಳುತ್ತಾಳೆ, ಹೋಗಲಿ ಬಿಡು ಎನ್ನುತ್ತಾಳೆ ಎಂದೆಲ್ಲ ಎಣಿಸಿದ್ದ. ತಾನು ಕತ್ತರಿಸಿದ ರೀತಿಗೆ ಬರೆದವಳಿಗೇ ತನ್ನ ಮಾತಿನ ಗುರುತು ಸಿಗದೆ ಹೋದೀತು ಎಂದು ಎಣಿಸಿರಲಿಲ್ಲ. ಎಂಥ ಸಫಾಯಿ! ಅವನಿಗೆ ಒಂದು ಕ್ಷಣ ಹೆಮ್ಮೆಯಂಥದ್ದೇನೋ ಆಗಿ, ಅದು ಹೆಮ್ಮೆ ಎಂದು ತಿಳಿದದ್ದೇ ಚೀಟಿಯಿಂದ ಕಣ್ಣು ತೆಗೆದ. ಏನಿಲ್ಲ, ಸುಮ್ಮನೆ ತೋರಿಸೋಣ ಅನ್ನಿಸಿತು ಎಂದರೆ ಸಾಕಿತ್ತು. ಅವಳು ಟಿಫಿನ್ ಡಬ್ಬಿ ತೆಗೆದು, ತಿನ್ನು ಎನ್ನುತ್ತಿದ್ದಳು. ಪುಸ್ತಕ ಬಂದ ಮೇಲೂ ಅವಳು ಆ ಪುಟ ತೆಗೆದು, ಗಿರಾಕಿಗಳಿಗೆ ತೋರಿಸಿ, ನೋಡಿ ಈ ಹುಡುಗಿಯನ್ನ ಎನ್ನುತ್ತಿದ್ದಳು. ಎಲ್ಲ ಸರಿಯಾಗಿಯೇ ಇತ್ತು. ಎಲ್ಲ ಇಷ್ಟು ಸರಿಯಾಗಿ ಇದ್ದದ್ದರಿಂದಲೇ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ.

"ಇದಕ್ಕೆ ಮುಂಚೆ ಇನ್ನೊಂದು ವಾಕ್ಯ ಇತ್ತು ಅಕ್ಕಾ."

"ಏನು?"

ಹದಿನೇಳು ವರ್ಷದಲ್ಲಿ ಅವನು ಅದನ್ನು ಒಮ್ಮೆಯೂ ಬಾಯಿಂದ ಆಡಿರಲಿಲ್ಲ. "ಇಲ್ಲಿ ವಾರಗಟ್ಟಲೆ ನನ್ನನ್ನು ಯಾರೂ ಮಾತಾಡಿಸುವುದಿಲ್ಲ."

ರೇಡಿಯೋದಲ್ಲಿ ಯಾರೋ ಕೂದಲ ಎಣ್ಣೆಯ ಬಗ್ಗೆ ಹೇಳುತ್ತಿದ್ದರು. ಅಕ್ಕ ಕೈಚಾಚಿ ಅದನ್ನು ಆರಿಸಿದಳು. ಚೀಟಿಯನ್ನು ಮತ್ತೆ ಓದಿದಳು. ಅವೇ ನಾಲ್ಕು ಪದ. ಮೊದಲು ಓದಿದಾಗ ಒಂದೇ ಉಸಿರಿಗೆ ಮುಗಿಸಿದ್ದಳು, ಈಗ ಒಂದೊಂದು ಪದದ ಮೇಲೂ ಅವಳ ಕಣ್ಣು ನಿಂತು, ಮುಂದಿನದಕ್ಕೆ ದಾಟಲು ಕಷ್ಟಪಡುವಂತಿತ್ತು. ಆ ಮನೆಯ ಊಟದ ಮೇಜು, ತನ್ನ ಮುಂದೆ ಸದ್ದಿಲ್ಲದೆ ಸರಿಯುತ್ತಿದ್ದ ತಟ್ಟೆ, ಎದುರು ಬಂದರೆ ಗೋಡೆಯ ಕಡೆ ತಿರುಗುವ ಮುಖಗಳು, ಏನು ತಪ್ಪಾಯಿತು ಎಂದು ಕೇಳಿ ಕೇಳಿ ತನ್ನ ದನಿಯೇ ತನಗೆ ಬೇರೆ ಯಾರದೋ ಎನ್ನಿಸಿದ್ದು, ಇದೆಲ್ಲ ಅವಳು ಆಗೀಗ ತಮಾಷೆಯ ಹಾಗೆ ಹೇಳಿದ್ದಳು. ಈಗ ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

"ಬಂದಿತ್ತು ಹಾಗಾದ್ರೆ," ಎಂದಳು.

"ಬಂದಿತ್ತು."

ಅಷ್ಟರಲ್ಲಿ ಟೀಚರಮ್ಮ ಬಂದರು. ಅಕ್ಕ ಚೀಟಿಯನ್ನು ಮೇಜಿನ ಮೇಲಿಟ್ಟು, ಅದು ಹಾರದಂತೆ ಕತ್ತರಿ ಹೇರಿ, ಎದ್ದಳು. "ಬನ್ನಿ ಬನ್ನಿ, ನಿಮ್ಮ ಕೋಟಿಗೆ ಎರಡು ಬೆರಳು ಬಿಟ್ಟಿದ್ದೀನಿ, ಇನ್ನು ಮೇಲೆ ನೀವು ಜಾಸ್ತಿ ಬೆಳೆದ್ರೆ ನನ್ನ ಕೈಲಿ ಆಗಲ್ಲ ನೋಡಿ," ಎಂದಳು. ಟೀಚರಮ್ಮ ನಕ್ಕು, ಪರದೆಯ ಹಿಂದೆ ಹೋಗಿ, ತೊಟ್ಟು ಬಂದು, ಕನ್ನಡಿಯ ಮುಂದೆ ಎಡಕ್ಕೂ ಬಲಕ್ಕೂ ತಿರುಗಿದರು. ಅಕ್ಕ ತೋಳು ಎಳೆದು ನೋಡಿದಳು, ಗುಂಡಿ ಹಾಕಿ ನೋಡಿದಳು, ಅವರ ಮಗಳ ಪರೀಕ್ಷೆ ವಿಚಾರಿಸಿದಳು. ಒಂದು ಸಲವೂ ಇವನ ಕಡೆ ನೋಡಲಿಲ್ಲ. ಇವನು ನೇತುಹಾಕಿದ ಬಟ್ಟೆಗಳ ನಡುವೆ, ಯಾರದೋ ರೇಷ್ಮೆಯ ತೋಳು ಕೆನ್ನೆಗೆ ತಾಗುತ್ತಿದ್ದರೂ ಸರಿಸದೆ ನಿಂತಿದ್ದ. ಗಡಿಯಾರದಲ್ಲಿ ಮೂರೂಕಾಲು. ಟೀಚರಮ್ಮ ಇವನನ್ನು ಕನ್ನಡಿಯಲ್ಲಿ ನೋಡಿ, "ಇವರು?" ಎಂದರು. ಅಕ್ಕ ಕೋಟಿನ ಕಾಲರಿನಿಂದ ಒಂದು ದಾರದ ಚೂರು ಕಿತ್ತಳು. ಉತ್ತರ ಹೇಳಲಿಲ್ಲ. ಟೀಚರಮ್ಮನೂ ಮತ್ತೆ ಕೇಳಲಿಲ್ಲ. ಹತ್ತು ನಿಮಿಷ ಆಗಿರಬಹುದು, ಅಷ್ಟೇ. ಆ ಹತ್ತು ನಿಮಿಷದಲ್ಲಿ ಅವನಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದಾಗಿ, ಒಮ್ಮೆ ಕೆಮ್ಮಿ, ಕೆಮ್ಮಿದ್ದಕ್ಕೆ ನಾಚಿಕೊಂಡ. ಹೊರಟುಬಿಡಬಹುದಿತ್ತು. ಆದರೆ ಅವಳು ಮಾತಾಡಿಸದೆ ಹೊರಡುವುದು ಹೇಗೆ ಎಂದು ಅವನಿಗೆ ಗೊತ್ತಾಗಲಿಲ್ಲ.

ಟೀಚರಮ್ಮ ಹೋದ ಮೇಲೆ ಅಕ್ಕ ಯಂತ್ರದ ಮುಂದೆ ಕೂತಳು. ಹೊಲಿಯಲಿಲ್ಲ.

"ಪಾಪ, ಆ ಅಂಚೆಯವನನ್ನ ಎಷ್ಟು ಬೈದಿದ್ದೀನಿ ಗೊತ್ತಾ ನಾನು?" ಎಂದಳು. "ಹಾಳಾಗಿ ಹೋಗ, ಕೈ ಸೇದಿಹೋಗ. ದಿನಾ. ಬೈಯೋಕಾದ್ರೂ ಒಬ್ಬ ಇದ್ದ."

"ಅಕ್ಕಾ..."

"ತಡಿ. ಇದನ್ನ ಪುಸ್ತಕದಲ್ಲಿ ಹಾಕ್ತಾ ಇದ್ದೀರಾ ಈಗ?"

"ತೆಗೆದುಬಿಡ್ತೀನಿ. ಬೇರೆ ಏನಾದ್ರೂ ಹಾಕ್ತೀನಿ. ಬೆಳಿಗ್ಗೆ ಬೇಗ ಏಳೋದು ಅಭ್ಯಾಸ ಆಗಿದೆ ಅಂತ, ಹಾಗೇನಾದ್ರೂ..."

ಅಕ್ಕ ನಕ್ಕಳು. ಚೆಂದದ ನಗೆಯಲ್ಲ. "ಇನ್ನೊಂದು ಸಲ ಕಳೆದುಹೋಗ್ಲಾ ನಾನು, ಅಂಚೆಯಲ್ಲಿ?"

ಅವನು ಕೆನ್ನೆಗೆ ತಾಗುತ್ತಿದ್ದ ರೇಷ್ಮೆಯ ತೋಳನ್ನು ಪಕ್ಕಕ್ಕೆ ಸರಿಸಿದ.

"ಆ ಮೊದಲನೇ ಸಾಲನ್ನೂ ಹಾಕು."

"ಜಾಗ ಇಲ್ಲ ಅಕ್ಕಾ. ಪುಟ ಕಟ್ಟಿ ಆಗಿದೆ, ಅಷ್ಟೇ ಅಳತೆ..."

"ನನಗೆ ಅಳತೆಯ ಪಾಠ ಹೇಳ್ತೀಯಾ? ನೂರೆಂಟು ಪದ ಗುಡ್ಡೆ ಹಾಕಿದ್ದೀರಿ, ಒಂದು ಸಾಲಿಗೆ ಎಲ್ಲಾದ್ರೂ ಬಿಚ್ಚಿ ಜಾಗ ಮಾಡಕ್ಕಾಗಲ್ವಾ? ಮಾಡು." ಕತ್ತರಿ ಸರಿಸಿ ಚೀಟಿಯನ್ನು ಎತ್ತಿಕೊಂಡು, ಮೂಲೆಯಲ್ಲಿ ಬೆರಳಿಟ್ಟಳು. "ಇದೇನಿದು, ಖಾಸಗಿ ಪತ್ರ? ಯಾರ ಖಾಸಗಿ? ತಮ್ಮನಿಗೆ ಬರೆದ ಪತ್ರ ಅಂತ ಹಾಕು."

ಅವನಿಗೆ ಕಿವಿ ಬಿಸಿಯಾಯಿತು. ಕರಡು ಓದುವವಳು, ದೊಡ್ಡವರು, ಚೀಟಿಯ ಕೈಬರಹವನ್ನು ಗುರುತಿಸುವ ಮಿಕ್ಕ ಇಬ್ಬರು. ಆಮೇಲೆ ಯಾವ ಯಾವ ಊರಿನ ಗ್ರಂಥಾಲಯಗಳಲ್ಲೋ, ಯಾರ ಯಾರ ಮೇಜಿನ ಮೇಲೋ, ‘ಅಭ್ಯಾಸ’ ಎಂದರೇನು ಎಂದು ನೋಡಲು ಬಂದವರ ಎದುರು, ಹೆಸರಿಲ್ಲದ ಒಬ್ಬ ತಮ್ಮ ನಿಂತಿರುತ್ತಾನೆ. "ದೊಡ್ಡವರು ಕೇಳ್ತಾರೆ, ಯಾವ ತಮ್ಮ ಅಂತ," ಎಂದ.

"ಹೇಳು."

ಅವನು ಜೇಬಿನಿಂದ ಪೆನ್ನು ತೆಗೆದ. ಚೀಟಿಯನ್ನು ಅವಳು ಕೊಡಲಿಲ್ಲ. ಕೈಯಲ್ಲೇ ಹಿಡಿದುಕೊಂಡು, ಈ ಸಲ ಮೆಲ್ಲಗೆ, ಯಂತ್ರದ ಸೂಜಿಯನ್ನು ನೋಡುತ್ತಾ ಕೇಳಿದಳು.

"ಅವತ್ತು ಓದಿ ಏನು ಮಾಡಿದೆ ನೀನು?"

"ಕೆಲಸ ಮಾಡಿದೆ. ಸಂಜೆ ಇದನ್ನ ಬರೆದೆ."

"ಆಮೇಲೆ?"

"ಕಾಗದ ಹರಿದೆ. ಮನೆಗೆ ಹೋದೆ."

"ಊಟ ಮಾಡಿದ್ಯಾ?"

"ಮಾಡಿದೆ."

"ನಿದ್ದೆ ಬಂತಾ?"

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತಾ ಹೋದರು. ಇಲ್ಲ ಎಂದುಬಿಟ್ಟರೆ ಅವಳಿಗೂ ಒಂದಿಷ್ಟು ಸಮಾಧಾನ, ತನಗೂ ಒಂದಿಷ್ಟು ಸಮಾಧಾನ. ಅವಳೂ ಅದನ್ನೇ ಕೇಳಲು ಕಾಯುತ್ತಿರಬಹುದು. ಅವತ್ತು ತಾನಾಗಿದ್ದ ಆ ಹುಡುಗನನ್ನು ಅವನು ನೆನಪಿಸಿಕೊಳ್ಳಲು ಯತ್ನಿಸಿದ: ಒಂದೇ ಕೋಣೆ, ಮಂಚದ ಮೇಲೆ ಗೋಡೆಯ ಕಡೆ ತಿರುಗಿದ ಮುಖ, ತಲೆಯ ಕೆಳಗೆ ಮಡಚಿದ ತೋಳು. ನಲವತ್ತು ಚೀಟಿಯೂ ಮುಗಿದ ನೆಮ್ಮದಿ.

"ಬಂತು," ಎಂದ.

ಅಕ್ಕ ಕಾಲಿನಿಂದ ಮುಕ್ಕಾಲಿಯನ್ನು ಅವನ ಕಡೆ ತಳ್ಳಿ, ಚೀಟಿಯನ್ನು ಯಂತ್ರದ ಹಲಗೆಯ ಮೇಲೆ ಇಟ್ಟು, ಅಂಗೈಯಿಂದ ಒಮ್ಮೆ ಸವರಿ ಮಟ್ಟ ಮಾಡಿದಳು.

"ಕೂತ್ಕೊಂಡು ಬರಿ," ಎಂದಳು. "ನಿಂತು ಬರೆದ್ರೆ ನಿನ್ನ ಅಕ್ಷರ ಯಾರಿಗೂ ತಿಳಿಯಲ್ಲ."